ಮಿತಿ ಇರಲಿ, ‘ಅನ್‌ಲಿಮಿಟೆಡ್’ ಅನ್ನಬೇಡಿ

ಮಾನ್ಯ ಸಂಪಾದಕರೇ,

ನಾನು ಹನುಮಂತನಗರದಲ್ಲಿ ಮದುವೆ ಫೋಟೋ, ವಿಡಿಯೊ ಮಾಡುವವನು. ಕಳೆದ ಮೇ ತಿಂಗಳಲ್ಲಿ ಆರು ಮದುವೆ ಒಪ್ಪಿಕೊಂಡಿದ್ದೆ. ವರಪೂಜೆಯಿಂದ ಬೀಗರೂಟದವರೆಗೆ ಎರಡು ಕ್ಯಾಮೆರಾ ಓಡಿದರೆ ಒಂದು ಮದುವೆಗೆ ಸುಮಾರು 500 ಜಿಬಿ ಆಗುತ್ತದೆ. ಅದನ್ನೆಲ್ಲ ಯಲಹಂಕದಲ್ಲಿರುವ ಎಡಿಟಿಂಗ್ ಹುಡುಗನಿಗೆ ನೆಟ್‌ನಲ್ಲೇ ಕಳಿಸುತ್ತೇನೆ. ಅದಕ್ಕೆಂದೇ ‘100 ಎಂಬಿಪಿಎಸ್, ಅನ್‌ಲಿಮಿಟೆಡ್’ ಪ್ಲಾನ್ ಹಾಕಿಸಿಕೊಂಡಿದ್ದು.

22ನೇ ತಾರೀಖು ರಾತ್ರಿ ಅಪ್‌ಲೋಡ್ ಶೇ 4ಕ್ಕೆ ಬಂದು ಕೂತುಬಿಟ್ಟಿತು. ರೂಟರ್ ದೀಪ ಹಸಿರಾಗೇ ಇದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ‘ರೂಟರ್ ಆಫ್ ಮಾಡಿ ಆನ್ ಮಾಡಿ ಸರ್’ ಅಂದರು. ಎರಡು ದಿನ ಅದನ್ನೇ ಮಾಡಿದೆ. ಮೂರನೇ ದಿನ ಒಬ್ಬರು ನಿಜ ಹೇಳಿದರು: ‘ನಿಮ್ಮ ಎಫ್‌ಯುಪಿ, ಅಂದರೆ ಪೂರ್ತಿ ವೇಗದಲ್ಲಿ ಬಳಸುವ ತಿಂಗಳ ಡೇಟಾ ಮಿತಿ, ಮುಗಿದಿದೆ ಸರ್. 3300 ಜಿಬಿ ಆಯ್ತು. ಇನ್ನು ಒಂದನೇ ತಾರೀಖಿನವರೆಗೆ ವೇಗ 2 ಎಂಬಿಪಿಎಸ್ ಅಷ್ಟೇ.’ ಅಪ್‌ಲೋಡ್ ಮಾಡಿದ್ದೂ ಆ ಲೆಕ್ಕಕ್ಕೆ ಸೇರುತ್ತದೆ ಅಂತ ನನಗೆ ಗೊತ್ತಾಗಿದ್ದೇ ಅವತ್ತು. ಕೊನೆಗೆ ಹಾರ್ಡ್ ಡಿಸ್ಕ್ ಬ್ಯಾಗಿಗೆ ಹಾಕಿಕೊಂಡು ಬೈಕ್‌ನಲ್ಲಿ ಯಲಹಂಕಕ್ಕೆ ಹೋಗಿ ಕೊಟ್ಟು ಬಂದೆ. ಹುಡುಗಿಯ ತಂದೆಗೆ ಮಾತು ಕೊಟ್ಟ ದಿನ ವಿಡಿಯೊ ಕೊಡಲು ಆಗಲಿಲ್ಲ. ಅವರ ಮುಂದೆ ತಲೆ ತಗ್ಗಿಸಿ ನಿಂತವನು ನಾನು, ಕಂಪನಿ ಅಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. 100 ಎಂಬಿಪಿಎಸ್ ಅನ್ನುವುದು ಬಿಟ್ ಲೆಕ್ಕ, ಫೈಲ್ ಅಳೆಯುವುದು ಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಎಂಬಿ. ಆ ಪೂರ್ತಿ ವೇಗದಲ್ಲಿ ಬಳಸಿದರೆ 3300 ಜಿಬಿ ಸುಮಾರು 73 ಗಂಟೆಗೆ ಖಾಲಿ. ಮೂರು ದಿನಕ್ಕೆ ಮುಗಿದುಹೋಗಬಹುದಾದ್ದನ್ನು ಅನ್‌ಲಿಮಿಟೆಡ್ ಅಂತ ಮಾರುವುದು ಸರೀನಾ? ವೇಗ ಇಳಿದ ಮೇಲೆ, 80 ಸೆಕೆಂಡಿಗೆ ಹೋಗುತ್ತಿದ್ದ 1 ಜಿಬಿ ಫೈಲ್‌ಗೆ ಒಂದು ಗಂಟೆಗಿಂತ ಜಾಸ್ತಿ ಬೇಕು.

ಮಿತಿ ಇಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಬೀದಿಗೆ ಬಂದ ಲೈನನ್ನು ಹತ್ತಾರು ಮನೆಯವರು ಹಂಚಿಕೊಳ್ಳುತ್ತೇವೆ. ಒಬ್ಬನೇ ಎಲ್ಲ ಎಳೆದುಕೊಂಡರೆ ಪಕ್ಕದ ಮನೆಯವರಿಗೆ ತೊಂದರೆ, ಒಪ್ಪುತ್ತೇನೆ. ಹಾಗಾದರೆ ಎಲ್ಲರೂ ಬಳಸುವ ಸಂಜೆ ಹೊತ್ತು ವೇಗ ಇಳಿಸಲಿ. ಬೀದಿಯೆಲ್ಲ ಮಲಗಿರುವ ರಾತ್ರಿ ಎರಡು ಗಂಟೆಯಲ್ಲೂ ಯಾಕೆ ಇಳಿಸಬೇಕು? ಆಷಾಢದಲ್ಲಿ ಮದುವೆ ಇಲ್ಲ, ನನ್ನ ಬಳಕೆ ಕಾಲು ಭಾಗವೂ ಆಗುವುದಿಲ್ಲ. ಆ ತಿಂಗಳು ಉಳಿದದ್ದು ಶ್ರಾವಣಕ್ಕೆ ಸೇರುವುದಿಲ್ಲ. ಬಿಲ್ ಮಾತ್ರ ಅಷ್ಟೇ, ಮೇಲೆ ಶೇ 18 ಜಿಎಸ್‌ಟಿ.

ನಮ್ಮ ಹೋಟೆಲ್‌ಗಳಲ್ಲಿ ಪ್ಲೇಟ್ ಊಟ ಬೇರೆ, ಫುಲ್ ಊಟ ಬೇರೆ ಅಂತ ಬೋರ್ಡಿನಲ್ಲೇ ಬರೆದಿರುತ್ತಾರೆ. ಮಿತಿ ಮೊದಲೇ ಗೊತ್ತಿರುವುದರಿಂದ ಪ್ಲೇಟ್ ಊಟದ ಟೋಕನ್ ತಗೊಂಡವರು ಮತ್ತೆ ಅನ್ನ ಹಾಕಿ ಅಂತ ಜಗಳ ಆಡುವುದಿಲ್ಲ.

ನಿಯಮ ಇಲ್ಲ ಅಂತಲೂ ಅಲ್ಲ. ಡೇಟಾ ಮಿತಿ ಎಷ್ಟು, ಮಿತಿ ದಾಟಿದ ಮೇಲೆ ವೇಗ ಎಷ್ಟು ಅನ್ನುವುದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಬೇಕು, ಶೇ 50, 90 ಮತ್ತು 100 ಬಳಕೆ ಆದಾಗ ಎಸ್‌ಎಂಎಸ್ ಅಥವಾ ಇಮೇಲ್ ಕಳಿಸಬೇಕು ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2016ರಲ್ಲೇ ಸೂಚನೆ ಕೊಟ್ಟಿದೆ. ನನಗೆ ಒಂದೂ ಬರಲಿಲ್ಲ. ಶೇ 50 ಆದಾಗಲೇ ತಿಳಿದಿದ್ದರೆ ಉಳಿದ ಮದುವೆಗಳ ಫೈಲನ್ನು ಹಾರ್ಡ್ ಡಿಸ್ಕ್‌ನಲ್ಲೇ ಕಳಿಸುತ್ತಿದ್ದೆ. 2023ರಿಂದ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಇರಬೇಕು. ದುಡ್ಡು 100ಕ್ಕೆ ಕೊಟ್ಟ ನನಗೆ ತಿಂಗಳ ಕೊನೆಯಲ್ಲಿ ಸಿಕ್ಕಿದ್ದು ಆ ಕನಿಷ್ಠ.

ಮೊನ್ನೆ ಭಾನುವಾರ ಪೇಪರ್ ಒಳಗೆ ಇನ್ನೊಂದು ಕಂಪನಿಯ ಪಾಂಪ್ಲೆಟ್ ಬಂತು. ‘ಅನ್‌ಲಿಮಿಟೆಡ್’ ಅಂತ ದಪ್ಪ ಕನ್ನಡ ಅಕ್ಷರ, ಪಕ್ಕದಲ್ಲಿ ಸಣ್ಣ ನಕ್ಷತ್ರ. ನಕ್ಷತ್ರದ ಅರ್ಥ ಕೆಳಗೆ ಇಂಗ್ಲಿಷಿನಲ್ಲಿ, ಇರುವೆ ಸಾಲಿನ ಹಾಗೆ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಬೇಕಾಯಿತು. ಜಾಹೀರಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ, ಅದೇ ಫಾಂಟಿನಲ್ಲಿ ಇರಬೇಕು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲೇ ಮಾರ್ಗಸೂಚಿ ಹೊರಡಿಸಿದೆ. ಎಷ್ಟು ಜಿಬಿ, ಆಮೇಲೆ ಎಷ್ಟು ವೇಗ ಅನ್ನುವ ಎರಡು ಸಂಖ್ಯೆಯನ್ನು ಅದೇ ದಪ್ಪ ಅಕ್ಷರದಲ್ಲಿ ಹಾಕಲು ಏನು ಕಷ್ಟ?

ಆ ಪಾಂಪ್ಲೆಟ್ ಇಟ್ಟುಕೊಂಡು 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ. ನಿಮ್ಮ ಮನೆಗೂ ಬಂದಿದ್ದರೆ ದಯವಿಟ್ಟು ನೀವೂ ಕೊಡಿ.

– ಒಬ್ಬ ಓದುಗ, ಹನುಮಂತನಗರ, ಬೆಂಗಳೂರು