17ನೇ ನಂಬರಿಗೆ ಬಂದ ಲೈಟ್ನಿಂಗ್ ಕಾಲ್

ಪ್ರೀತಿಯ ಪುಟ್ಟಿ,

ಅಮ್ಮನ ಆಶೀರ್ವಾದಗಳು. "ಊರಿನ ಸುದ್ದಿಯೆಲ್ಲ ಗೊತ್ತಿದ್ದೂ ಒಂದನ್ನೂ ಬಾಯಿಬಿಡಲ್ವಲ್ಲ, ಯಾಕಮ್ಮಾ?" ಅಂತ ಮೊನ್ನೆ ಕೇಳಿದೆ. ಒಲೆ ಮೇಲೆ ಹಾಲಿತ್ತು, ಮಾತು ತೇಲಿಸಿಬಿಟ್ಟೆ. ಈಗ ಹೇಳ್ತೀನಿ.

ನೀನು ಹುಟ್ಟೋಕೆ ಮುಂಚೆ ನಮ್ಮೂರ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆನಲ್ಲ. ಅಂಚೆ ಕಚೇರಿ ಪಕ್ಕದ ಒಂದೇ ಕೋಣೆ. ಯಾರಾದರೂ ಮನೆಯಲ್ಲಿ ಫೋನಿನ ಹಿಡಿ ತಿರುಗಿಸಿದರೆ ಬೋರ್ಡಿನಲ್ಲಿ ಅವರ ನಂಬರಿನ ಪುಟ್ಟ ಮುಚ್ಚಳ ಟಕ್ಕಂತ ಬೀಳುತ್ತಿತ್ತು. ಕಾರ್ಡ್, ಅಂದರೆ ತುದಿಗೆ ಪ್ಲಗ್ ಇರುವ ತಂತಿ, ಸಿಕ್ಕಿಸಿ "ನಂಬರ್ ಪ್ಲೀಸ್" ಅಂದರೆ ನಂಬರ್ ಯಾರು ಹೇಳ್ತಿದ್ದರು? "ಡಾಕ್ಟ್ರಿಗೆ ಕೊಡಮ್ಮಾ", "ಗಿರಣಿಗೆ ಹಾಕಮ್ಮಾ" ಅಷ್ಟೇ. ಜೋಡಿ ಕಾರ್ಡನ್ನು ಅಲ್ಲಿಗೆ ಚುಚ್ಚಿ ಗಂಟೆ ಬಾರಿಸುತ್ತಿದ್ದೆ. ಮಾತು ಮುಗಿದ ಮೇಲೆ ಅವರು ಮತ್ತೆ ಹಿಡಿ ತಿರುಗಿಸಬೇಕು. ಮರೆತರೆ, ಮುಗಿಯಿತೋ ಇಲ್ಲವೋ ಅಂತ ನಾನೇ ನಡುವೆ ಕಿವಿ ಕೊಡಬೇಕು. ಹಾಗೆ ಕಿವಿಗೆ ಬಿದ್ದದ್ದೆಷ್ಟೋ!

ಪರಊರಿಗಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕು. ಅರ್ಜೆಂಟ್‌ಗೆ ಎರಡು ಪಟ್ಟು ದುಡ್ಡು, ಎಲ್ಲಕ್ಕಿಂತ ಮೊದಲು ಸಿಗುವ ಲೈಟ್ನಿಂಗ್‌ಗೆ ಎಂಟು ಪಟ್ಟು. ಅಷ್ಟು ದುಡ್ಡು ಸುಮ್ಮನೆ ಯಾರು ಕೊಡ್ತಾರೆ? ಲೈಟ್ನಿಂಗ್ ಅಂದರೆ ನನಗೆ ಎದೆ ಧಸಕ್ ಅನ್ನುತ್ತಿತ್ತು.

ಆಷಾಢದ ಒಂದು ಸಂಜೆ ಬಂತು. ಬೊಂಬಾಯಿಯಿಂದ, ಪಿ.ಪಿ. ಕಾಲ್, ಅಂದರೆ ಇಂಥವರೇ ಬೇಕು ಅಂತ ಹೆಸರು ಹೇಳಿ ಮಾಡುವ ಕಾಲ್. ನನಗೆ ದಿನಾ ಒಂದು ಮೊಳ ಮಲ್ಲಿಗೆ ಕೊಟ್ಟು ಹೋಗುತ್ತಿದ್ದ ಅಜ್ಜಿಗೆ. ಅವರ ಮನೆಯಲ್ಲಿ ಫೋನಿರಲಿಲ್ಲ, 17ನೇ ನಂಬರಿನವರು ಆಳು ಕಳಿಸಿ ಕರೆಸಿದರು. "ಸಾವಿನ ಸುದ್ದಿ, ಲೈನ್ ಬಿಡಬೇಡಿ" ಅಂತ ಆ ಕಡೆಯ ಆಪರೇಟರ್ ನನಗೆ ಮೊದಲೇ ಹೇಳಿದ್ದಳು. ಅಜ್ಜಿ ಮಳೆಯಲ್ಲೇ ಓಡಿ ಬಂದಿರಬೇಕು, ಏದುಸಿರು ಕೇಳ್ತಿತ್ತು. "ಏನಂತೆ ಮಗಾ, ನಿಂಗೇನಾದ್ರೂ ಗೊತ್ತಾ?" ಅಂದರು. "ಲೈನ್ ಕೊಡ್ತೀನಿ ಅಜ್ಜಿ, ಮಾತಾಡಿ" ಅಂದೆ.

ಮೂರು ನಿಮಿಷ ಆದಾಗ "ಮುಂದುವರಿಸ್ತೀರಾ?" ಅಂತ ಕೇಳಲೇಬೇಕು. ಕೇಳಿದೆ. ಎರಡೂ ಕಡೆಯಿಂದ ಬರೀ ಅಳು. ಕಾಲ್‌ನ ಲೆಕ್ಕದ ಚೀಟಿ, ಆ ಟಿಕೆಟ್ ಮೇಲೆ ಹೊತ್ತು ಬರೆಯೋಕೆ ಕೈ ಏಳಲಿಲ್ಲ.

ಮಾರನೇ ದಿನ ಊರವರೆಲ್ಲ ನನ್ನ ಹತ್ತಿರವೇ ಬಂದರು, ಏನಂತೆ, ಹೇಗಂತೆ ಅಂತ. ಕೇಳಿಸಿಕೊಂಡದ್ದನ್ನು ಹೊರಗೆ ಹೇಳುವುದು ಆಗಿದ್ದ 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿ ಅಪರಾಧವಾಗಿತ್ತು. ಕಾಯ್ದೆ ಇಲ್ಲದಿದ್ದರೂ ನಾನು ಹೇಳುತ್ತಿರಲಿಲ್ಲ ಪುಟ್ಟಿ. ಆ ಅಳುವಿನ ನಡುವೆ ನಾನಿದ್ದೆ, ಅದೇ ಸಾಕಾಗಿತ್ತು.

1986ರ ಜುಲೈನಲ್ಲಿ ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರ ಮೊದಲ ಹಳ್ಳಿ ಎಕ್ಸ್‌ಚೇಂಜ್ ನಮ್ಮ ಕರ್ನಾಟಕದ ಕಿತ್ತೂರಿನಲ್ಲೇ ಶುರುವಾಯಿತು, 128 ಲೈನಿನದು. ಎಸಿ ಬೇಡ, ನಮ್ಮ ಸೆಕೆ, ಧೂಳು ತಡೆಯುವ ಹಾಗೆ ನಮ್ಮವರೇ ಮಾಡಿದ ಯಂತ್ರ. ಓದಿ ಎಷ್ಟು ಹೆಮ್ಮೆಪಟ್ಟೆ! ಕೆಲವು ವರ್ಷಕ್ಕೆ ನಮ್ಮೂರಿಗೂ ಆಟೊಮ್ಯಾಟಿಕ್ ಬಂತು. ನಡುವೆ ಯಾರೂ ಕೂರಬೇಕಾಗಿಲ್ಲ. ಕೊನೇ ದಿನ ಕಾರ್ಡುಗಳನ್ನು ನಾನೇ ಸುತ್ತಿಟ್ಟೆ. ಹದಿನೇಳರ ಮುಚ್ಚಳ ಸವೆದು ಹೊಳೀತಿತ್ತು.

ಅಜ್ಜಿಗೆ ಅವತ್ತು ಫೋನ್ ಮಾಡಿದ್ದು ಯಾರು, ಏನು ಹೇಳಿದರು ಅಂತ ನೀನೂ ಕೇಳಬೇಡ.

ಗೌರಿ ಹಬ್ಬಕ್ಕೆ ಬಾ.

ಇಂತಿ,
ನಿನ್ನ ಅಮ್ಮ