ಮಗಳಿಗೊಂದು ಪತ್ರ: ಎಲುಬು ಯಾವ ದಿಕ್ಕಿಗೆ ಗಟ್ಟಿ?

ಬದಿಯಡ್ಕ

ಪ್ರೀತಿಯ ಮಗಳೇ,

ತೊಡೆಯೆಲುಬು ಎಷ್ಟು ಬಲ ತಾಳುತ್ತದೆ ಎಂದು ಕೇಳಿದ್ದಿ. ಒಂದೇ ಅಂಕಿ ಬರೆದುಕೊಟ್ಟರೆ ಪರೀಕ್ಷೆಗೆ ಸಾಕಾದೀತು, ವಾರ್ಡಿನಲ್ಲಿ ಉಪಯೋಗಕ್ಕೆ ಬಾರದು. ಅದರ ಗಟ್ಟಿ ಹೊರಪದರವನ್ನು ಉದ್ದಕ್ಕೆ ಒತ್ತಿದರೆ ಸುಮಾರು 200 ಮೆಗಾಪಾಸ್ಕಲ್ (ಒಂದು ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಬಲ ಎಂಬ ಅಳತೆ) ತಾಳುತ್ತದೆ. ಉದ್ದಕ್ಕೆ ಎಳೆದರೆ 130ರ ಆಸುಪಾಸು, ಜಾರುಬಲಕ್ಕೆ, ಅಂದರೆ ಒಂದು ಪದರ ಇನ್ನೊಂದರ ಮೇಲೆ ಜಾರುವಂತೆ ತಳ್ಳುವ ಬಲಕ್ಕೆ, 70ರ ಹತ್ತಿರ, ಅಡ್ಡಕ್ಕೆ ಎಳೆದರೆ ಬರೀ 50.

ಕಾರಣ ಒಳಗಿನ ಕಟ್ಟಡ. ಕಾಲು ಮಿಲಿಮೀಟರು ದಪ್ಪದ, ಆಸ್ಟಿಯಾನ್ ಎಂಬ ಎಲುಬಿನ ಕೊಳವೆಗಳು ಉದ್ದಕ್ಕೆ ಸಾಗಿವೆ. ಒಂದೊಂದರ ಸುತ್ತಲೂ ಸಿಮೆಂಟ್ ಲೈನ್ ಎಂಬ ದುರ್ಬಲ ಗೆರೆ. ಅಡಿಕೆ ಮರದಂತೆಯೇ: ದಬ್ಬೆ ಸೀಳುವುದು ಸಲೀಸು, ಅಡ್ಡ ಕಡಿಯುವುದು ಬೆವರಿನ ಕೆಲಸ. ಅಡ್ಡಕ್ಕೆ ಹೊರಟ ಬಿರುಕು ಈ ಗೆರೆ ಸಿಕ್ಕಲ್ಲಿ ಉದ್ದಕ್ಕೆ ಹೊರಳುತ್ತದೆ; ಮತ್ತೆ ಮುಂದೆ ಹೋಗಬೇಕಾದರೆ ಹೊಸದಾಗಿ ಶಕ್ತಿ ಬೇಕು.

ಇಲ್ಲೊಂದು ಸೋಜಿಗ ಉಂಟು. ಲೋಹದ ಬಿರುಕನ್ನು ಬೆಳೆಸಲು ಸಾಮಾನ್ಯವಾಗಿ ಎಳೆದು ಬಾಯಿ ತೆರೆಸುವುದೇ ಸುಲಭ. ಎಲುಬಿನ ಅಡ್ಡ ಬಿರುಕು ಮಾತ್ರ ಜಾರುಬಲಕ್ಕೇ ಬೇಗ ಸೋಲುತ್ತದೆ. ಎಳೆತದಲ್ಲಿ ಬಲ ತಳ್ಳುವ ದಾರಿ ಒಂದು, ಸಿಮೆಂಟ್ ಲೈನ್ ಬಿಟ್ಟುಕೊಡುವ ದಾರಿ ಇನ್ನೊಂದು. ಈ ಜಗಳವೇ ಎಲುಬಿನ ರಕ್ಷಣೆ. ಜಾರುಬಲದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಕಡೆಗೆ ಹೋಗುತ್ತವೆ. ಪೆಟ್ಟಿನ ವೇಗ ಜಾಸ್ತಿಯಾದರಂತೂ ಬಿರುಕು ಹೊರಳದೆ ನೇರ ನುಗ್ಗುತ್ತದೆ, ಎಲುಬು ಚೂರುಚೂರು.

ಎಕ್ಸ್‌ರೇ ನೋಡುವಾಗ ಇದನ್ನೇ ಹುಡುಕು. ಪಾಚಿಗಟ್ಟಿದ ಕೆಂಪುಕಲ್ಲಿನ ಮೆಟ್ಟಿಲಲ್ಲಿ ಪಾದ ಸಿಕ್ಕಿ ಮೈ ತಿರುಗಿದ್ದರೆ ಮುರಿತ ಸುರುಳಿಯಾಗಿರುತ್ತದೆ. ಕಾರಿನ ಬಂಪರ್ ಬದಿಯಿಂದ ಬಡಿದಿದ್ದರೆ ಎಲುಬು ಬಾಗಿ, ಎಳೆತ ಬಿದ್ದ ಆಚೆ ಬದಿ ಮೊದಲು ಬಿರಿದು, ಬಡಿದ ಬದಿಯಲ್ಲಿ ತ್ರಿಕೋನದ ತುಂಡು ಕಳಚಿರಬಹುದು. ಮಕ್ಕಳಲ್ಲಿ ಒಂದು ಬದಿ ಬಿರಿದು ಇನ್ನೊಂದು ಬದಿ ಬಾಗಿಯೇ ಉಳಿಯುವುದುಂಟು. ಸಕ್ಕರೆ ಕಾಯಿಲೆಯವರ ಎಲುಬಿನ ಸಾಂದ್ರತೆಯ ವರದಿ ಸರಿಯಿದೆಯೆಂದು ನಿಶ್ಚಿಂತೆಯಾಗಬೇಡ. ಟೈಪ್ 2 ಇದ್ದವರಲ್ಲಿ ಅಂಕಿ ಚೆನ್ನಾಗಿದ್ದರೂ ಎಲುಬು ಮುರಿಯುವ ಸಾಧ್ಯತೆ ಹೆಚ್ಚು.

ಅಡಿಕೆ ಮರದಿಂದ ಹಿಮ್ಮಡಿ ಊರಿ ಬಿದ್ದವರ ವಿಷಯ ಬೇರೆ. ಒತ್ತಡಕ್ಕೆ 200 ಎಂಬ ಲೆಕ್ಕ ಗಟ್ಟಿ ಪದರದ್ದು. ಹಿಮ್ಮಡಿ, ಬೆನ್ನುಮೂಳೆಯ ಮಣಿಗಳ ಒಳಗೆ ಇರುವುದು ಜಾಳುಜಾಳು ಎಲುಬು, ಅದು ಕುಸಿಯುತ್ತದೆ. ಹೀಗೆ ಬಿದ್ದ ಪೆಟ್ಟು ಬೆನ್ನಿಗೂ ಏರುತ್ತದೆ; ಹಿಮ್ಮಡಿ ನೋವು ಎಂದು ಬಂದವರ ಬೆನ್ನು ನೋಡದೆ ಕೂರಿಸಬೇಡ. ಕೈಕಾಲು ಹಿಡಿದು ಎತ್ತಲು ಬಿಡಬೇಡ. ಮೂರು ನಾಲ್ಕು ಮಂದಿ ಸೇರಿ ತಲೆ, ಬೆನ್ನು, ಸೊಂಟ ಒಂದೇ ಗೆರೆಯಲ್ಲಿಟ್ಟು ಹೊರಳಿಸಿ ಹಲಗೆಗೆ ತರಬೇಕು.

ಬರೀ ಕಾಲು ಮುರಿದಿದ್ದರೆ ಬಟ್ಟೆ ಸುತ್ತಿದ ದಬ್ಬೆಯೂ ಆದೀತು. ಮುರಿತದ ಮೇಲಿನ, ಕೆಳಗಿನ ಎರಡೂ ಕೀಲು ಅಲುಗದಷ್ಟು ಉದ್ದ ಇರಲಿ, ಗಂಟು ಮುರಿದ ಜಾಗದ ಮೇಲೆ ಬೇಡ. ಕಟ್ಟಿದ ಮೇಲೆ ಬೆರಳು ಮುಟ್ಟಿ ನೋಡು: ತಣ್ಣಗಾದರೆ, ಜೋಮು ಹಿಡಿದರೆ ಕಟ್ಟು ಸಡಿಲಿಸು.

ಅಮ್ಮ