ಅದು ಚೇಳಿನ ಮರಿಯಲ್ಲ

ಸಂಪಾದಕರೇ,

ಮೊನ್ನೆ ನಿಮ್ಮ ಪತ್ರಿಕೆಯಲ್ಲಿ 'ಜೇನುಪೆಟ್ಟಿಗೆಯಲ್ಲಿ ವಿಷದ ಚೇಳಿನ ಮರಿ' ಅಂತ ಫೋಟೊ ಸಮೇತ ಸುದ್ದಿ ಬಂದಿತ್ತು. ಅದನ್ನು ಓದಿ ನಮ್ಮ ಪಕ್ಕದ ಮನೆಯವರು ತಮ್ಮ ಪೆಟ್ಟಿಗೆಗೆ ಕೀಟನಾಶಕ ಹೊಡೆಯಲು ಹೊರಟಿದ್ದರು. ಹೊಡೆದಿದ್ದರೆ ಮೊದಲು ಸಾಯುತ್ತಿದ್ದದ್ದು ಪೆಟ್ಟಿಗೆಯ ತುಡುವೆ ಜೇನುಹುಳಗಳೇ.

ಆ ಫೋಟೊದಲ್ಲಿ ಬಾಲ ಎಲ್ಲಿದೆ ಹೇಳಿ? ಚೇಳಿನ ಮರಿಗೂ ಹುಟ್ಟುವಾಗಲೇ ಬಾಲ ಇರುತ್ತದೆ ಅಲ್ವಾ. ಇದಕ್ಕೆ ಬಾಲವೂ ಇಲ್ಲ, ಕೊಂಡಿಯೂ ಇಲ್ಲ. ಇದು ಹುಸಿಚೇಳು. ಅಡಿಹಲಗೆ ಒರೆಸುವಾಗ ನನಗೂ ಸಿಕ್ಕಿದೆ. ಅಕ್ಕಿಕಾಳಿನಷ್ಟೂ ಇಲ್ಲ, ಏಡಿಗಿದ್ದ ಹಾಗೆ ಎರಡು ಇಕ್ಕಳ, ಕಡ್ಡಿಯಿಂದ ಮುಟ್ಟಿದರೆ ಹಿಮ್ಮುಖವಾಗಿ ಓಡುತ್ತದೆ.

ವಿಷ ಇಲ್ಲ ಅಂತ ನಾನು ಹೇಳುವುದಿಲ್ಲ. ಇದೆ, ಆದರೆ ಇಕ್ಕಳದ ಬೆರಳಿನಲ್ಲಿ, ಸಣ್ಣ ಹುಳ ಹಿಡಿಯುವಷ್ಟು. ಮನುಷ್ಯರಿಗೆ ಏನೂ ಆಗದು. ಮಜಾ ಏನೆಂದರೆ ಆ ವಿಷ ಯಾವ ಬೆರಳಿನಲ್ಲಿದೆ ಅಂತ ನೋಡಿ ಇವುಗಳ ಕೆಲವು ಕುಟುಂಬಗಳನ್ನು ಗುರುತಿಸುತ್ತಾರೆ. ಇಕ್ಕಳದ ಅಲುಗಾಡುವ ಬೆರಳಲ್ಲಿ ಮಾತ್ರ ಇದ್ದರೆ ಚೆರ್ನೆಟಿಡೇ, ಅಲುಗಾಡದ ಬೆರಳಲ್ಲಿ ಮಾತ್ರ ಇದ್ದರೆ ಅಟೆಮ್ನಿಡೇ, ಎರಡರಲ್ಲೂ ಇದ್ದರೆ ಕೆಲಿಫೆರಿಡೇ. ಎರಡರಲ್ಲೂ ಇರುವ ವಿಥಿಡೇ ಅನ್ನುವ ಇನ್ನೊಂದು ಗುಂಪೂ ಇದೆ, ಮೊದಲು ಅದನ್ನು ಕೆಲಿಫೆರಿಡೇ ಒಳಗೇ ಸೇರಿಸುತ್ತಿದ್ದರು, ಆಮೇಲೆ ಬೇರೆ ಮಾಡಿದರು. ಇಕ್ಕಳದ ಮೇಲಿನ ಉದ್ದ ಕೂದಲು ಎಲ್ಲೆಲ್ಲಿವೆ ಅಂತಲೂ ಎಣಿಸುತ್ತಾರೆ. ನನ್ನ ಕಣ್ಣಿಗಂತೂ ಕಾಣುವುದಿಲ್ಲ, ಸೂಕ್ಷ್ಮದರ್ಶಕವೇ ಬೇಕು.

ಜೇನುಗೂಡಿನಲ್ಲಿ ಸಿಗುವ ಎಲಿಂಗ್ಸೆನಿಯಸ್ ಅನ್ನುವ ಹುಸಿಚೇಳು ಇರುವುದು ಈ ಕೆಲಿಫೆರಿಡೇ ಕುಟುಂಬದಲ್ಲಿ. ನಮ್ಮ ದೇಶದ ಎಲಿಂಗ್ಸೆನಿಯಸ್ ಇಂಡಿಕಸ್‌ಗೆ ವಿಜ್ಞಾನಿ ಚೇಂಬರ್ಲಿನ್ 1932ರಲ್ಲಿ ಹೆಸರಿಟ್ಟರು. ಇದರ ದಾಯಾದಿಗಳು ಆಫ್ರಿಕಾದ ಜೇನುಗೂಡುಗಳಲ್ಲೂ ಇವೆ. ಅದೇ ಕುಟುಂಬದ ಇನ್ನೊಂದು, 1758ರಲ್ಲೇ ವಿಜ್ಞಾನಿ ಲಿನೇಯಸ್ ಹೆಸರಿಟ್ಟ ಕೆಲಿಫರ್ ಕ್ಯಾಂಕ್ರಾಯ್ಡಿಸ್, ಮನುಷ್ಯರ ಸಾಮಾನಿನ ಜೊತೆ ಸುಮ್ನೆ ಸೇರಿಕೊಂಡು ಲೋಕವೆಲ್ಲ ಸುತ್ತಿ ಹಳೇ ಮನೆ, ಹಳೇ ಪುಸ್ತಕಗಳಲ್ಲಿ ಠಿಕಾಣಿ ಹೂಡಿದೆ. ದೂರ ನಡೆಯಲಾಗದ ಜೀವ ನೋಡಿ, ಎಷ್ಟೋ ಜಾತಿಯ ಹುಸಿಚೇಳುಗಳು ನೊಣದ ಕಾಲನ್ನೋ ದುಂಬಿಯ ಮೈಯನ್ನೋ ಇಕ್ಕಳದಿಂದ ಹಿಡಿದು ಬಿಟ್ಟಿ ಸವಾರಿ ಮಾಡುತ್ತವೆ, ನಾವು ಬಸ್ಸಿನ ಕಂಬಿ ಹಿಡಿದು ನೇತಾಡಿದ ಹಾಗೆ.

ದಯವಿಟ್ಟು ಒಂದು ತಿದ್ದುಪಡಿ ಹಾಕಿ, ಮೂಲೆಯಲ್ಲಾದರೂ ಸರಿ. ಮುಂದಿನ ಸಲ ಇಂಥ ಫೋಟೊ ತೆಗೆಸುವಾಗ ಪಕ್ಕದಲ್ಲಿ ಒಂದು ಅಕ್ಕಿಕಾಳು ಇಡಿಸಿ. ನಿಮ್ಮ ಪುಟದಲ್ಲಿ ಅದು ಅಂಗೈ ಅಗಲ ಕಾಣುತ್ತಿತ್ತು.

— ಒಬ್ಬ ಜೇನು ಸಾಕುವವ, ಶಿರಸಿ